ಆ ತುದಿಯ ಕೈ

ಧನುರ್ಮಾಸದ ಇಬ್ಬನಿ ಇನ್ನೂ ಆರಿರಲಿಲ್ಲ. ಅವರೆ ಹೊಲಗಳ ಸೊಗಡು ಬೆಳಗಿನ ಗಾಳಿಯ ಜೊತೆ ಊರೊಳಕ್ಕೂ ಬಂದು ಬೀದಿಗಳಲ್ಲಿ ಸುಳಿದಾಡುತ್ತಿತ್ತು. ಹೊಲದವರು ಸೆರಗು ಸಿಕ್ಕಿಸಿಕೊಂಡು ಆಗಲೇ ಕಾಯಿ ಬಿಡಿಸುತ್ತಿದ್ದರು. ಹುಳು ಸಾಕುವ ಮನೆಗಳವರು ಮಾತ್ರ ಕುಡುಗೋಲು ಕೈಲಿದ್ದರೂ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಸುಮ್ಮನೆ ಕುಳಿತಿದ್ದರು. ಒದ್ದೆ ಸೊಪ್ಪು ತಿಂದ ರೇಷ್ಮೆಹುಳು ಉಳಿಯುವುದಿಲ್ಲ. ಎಲೆಯ ಮೇಲಿನ ನೀರನ್ನು ಬಿಸಿಲು ಹೀರುವವರೆಗೆ ಯಾರೇ ಆದರೂ ಕಾಯಲೇಬೇಕು. ಕಾಯುವುದಕ್ಕೂ ಜೊತೆಯಿತ್ತು. ಬದುವಿನಿಂದ ಬದುವಿಗೆ ಮಾತು, ನಗು, ಯಾರದೋ ಮನೆಯ ಸುದ್ದಿ ಹರಿದಾಡುತ್ತಿತ್ತು.

ಗಂಗಾ ತನ್ನ ಹುಳುಮನೆಯೊಳಗೆ ಒಬ್ಬಳೇ ಒಂದು ಬಟ್ಟೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದಳು.

ಹುಳುಮನೆಯೆಂಬುದು ಹೆಸರಿಗೆ ಮಾತ್ರ. ಗಂಡ ಭೀಮರಾಜ್ ತೀರಿಕೊಂಡ ಮೇಲೆ ಅವಳು ಹುಳು ಸಾಕುವುದನ್ನು ಬಿಟ್ಟಿದ್ದಳು. ಮಕ್ಕಳಿರಲಿಲ್ಲ. ತಟ್ಟೆಗಳ ಸ್ಟಾಂಡುಗಳಿದ್ದ ಜಾಗದಲ್ಲಿ ಈಗ ಎರಡು ಮಂಚಗಳನ್ನು ತಲೆಗೆ ತಲೆ ಕೂಡಿಸಿಟ್ಟಷ್ಟು ಉದ್ದದ ಕಬ್ಬಿಣದ ಚೌಕಟ್ಟು ನಿಂತಿತ್ತು. ಮುಂದೊಂದು ಹಿಂದೊಂದು ಉರುಳುವ ಕಂಬಿ. ಹೊದಿಕೆಯ ಬಟ್ಟೆಯನ್ನು ಆ ಕಂಬಿಗಳಿಗೆ ಸುತ್ತಿ, ನಡುವೆ ಮದ್ದಲೆಯ ಚರ್ಮದಂತೆ ಬಿಗಿಯಬೇಕು. ಮೇಲೆ ಸಣ್ಣ ಹಳಿಗಳು, ಹಳಿಗಳ ಮೇಲೆ ಹೊಲಿಗೆಯ ಮಿಷನ್ನು. ಅದರ ತೋಳು ಮಾಮೂಲಿ ಮಿಷನ್ನಿನ ಹಾಗೆ ಗೇಣುದ್ದವಲ್ಲ, ಮೊಳಕ್ಕೂ ಮಿಕ್ಕಿದ್ದು. ಟೈಲರ್ ಮಿಷನ್ನಿನಲ್ಲಿ ಸೂಜಿ ನಿಂತಲ್ಲೇ ನಿಂತು ಬಟ್ಟೆ ಓಡುತ್ತದೆ. ಇಲ್ಲಿ ಬಟ್ಟೆ ಹೊಲದ ಹಾಗೆ ಬಿದ್ದುಕೊಂಡಿರುತ್ತದೆ, ಮಿಷನ್ನೇ ನೇಗಿಲಿನ ಹಾಗೆ ಓಡಬೇಕು.

ಅದನ್ನು ತಂದು ನಿಲ್ಲಿಸಿದವಳು ಮುಳಬಾಗಿಲಿನ ಶ್ರೀವಾಣಿ. ಹಳ್ಳಿಗಳಲ್ಲಿ ಹಳೇ ಸೀರೆಗಳನ್ನು ಪದರ ಪದರವಾಗಿಟ್ಟು ಹೊಲಿಯುವ ಬೊಂತೆಗಳನ್ನು ಪಟ್ಟಣದ ಅಂಗಡಿಗಳಿಗೆ ಮಾಡಿಸಿ ಕೊಡುವುದು ಅವಳ ಕೆಲಸ. ಮಾಲೂರಿನ ಕಡೆ ಯಾವುದೋ ಹಾಸುಹೊದಿಕೆಯ ಕಾರ್ಖಾನೆಯವರು ಹಳೇ ಮಿಷನ್ನುಗಳನ್ನು ತೆಗೆದುಹಾಕುವಾಗ ಇದೊಂದನ್ನು ಕೊಂಡಿದ್ದಳು. ಇಡಲು ಉದ್ದನೆಯ, ಧೂಳಿಲ್ಲದ, ಬೆಳಕಿರುವ ಮನೆ ಬೇಕಿತ್ತು. ಊರ ಹೆಂಗಸರ ಸಂಘದ ಸಭೆಯಲ್ಲಿ ಗಂಗಾಳ ಬೊಂತೆಯ ಹೊಲಿಗೆ ನೋಡಿದ್ದಳು, ಖಾಲಿ ಹುಳುಮನೆಯ ಸಂಗತಿ ಕೇಳಿದ್ದಳು. ಆಟೋದಲ್ಲಿ ಬಿಡಿಬಿಡಿಯಾಗಿ ಬಂದ ಮಿಷನ್ನನ್ನು ಜೋಡಿಸಿ, ಎರಡು ದಿನ ಬಂದು ಕಲಿಸಿಕೊಟ್ಟಳು.

"ಸೂಜಿ ನೋಡ್ಬೇಡಿ ಗಂಗಕ್ಕ. ಸೂಜಿ ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡಿ. ಸೈಕಲ್ ಹೊಡೆಯೋರು ಚಕ್ರ ನೋಡ್ತಾರಾ?"

"ನಂಗೆ ಸೈಕಲ್ ಬರಲ್ಲ ಮೇಡಂ."

"ಸರಿ ಬಿಡಿ. ತಲೆ ಮೇಲೆ ಬಿಂದಿಗೆ ಇಟ್ಕೊಂಡು ಬರುವಾಗ ನಿಮ್ಮ ಕಾಲು ನೀವು ನೋಡ್ಕೋತೀರಾ?"

ಅದು ಅರ್ಥವಾಯಿತು. ಎರಡು ಹಿಡಿಕೆಗಳನ್ನೂ ಹಿಡಿದು, ಬಿಂದಿಗೆ ಹೊತ್ತವಳಂತೆ ಮುಂದಕ್ಕೆ ಕಣ್ಣಿಟ್ಟು ತಳ್ಳಿದಾಗ, ಚಿಂದಿ ಬಟ್ಟೆಯ ಮೇಲೆ ಹೊಲಿಗೆ ಬಳ್ಳಿ ಹಬ್ಬಿದ ಹಾಗೆ ಬಳುಕುತ್ತ ಹೋಯಿತು. ಗಂಗಾ ಉಸಿರು ಬಿಗಿಹಿಡಿದು ಆ ಕೊನೆಯವರೆಗೂ ಹೋಗಿ ಅಲ್ಲಿ ಉಸಿರು ಬಿಟ್ಟಳು. ಶ್ರೀವಾಣಿ ನಕ್ಕಳು. "ಕೈ ಕೂತಿದೆ. ಇನ್ನು ಅಭ್ಯಾಸ ಅಷ್ಟೇ. ಕೆಳಗಿನ ಬಟ್ಟೆ, ನಡುವೆ ಹತ್ತಿ, ಮೇಲಿನ ಬಟ್ಟೆ, ಮೂರನ್ನೂ ಸುಕ್ಕಿಲ್ಲದ ಹಾಗೆ ಏರಿಸೋದೇ ಕಷ್ಟ. ಹೊಲಿಯೋಕೆ ಒಬ್ರು ಸಾಕು, ಏರಿಸೋಕೆ ಮಾತ್ರ ಇಬ್ರು ಬೇಕು. ಆ ತುದಿ ಹಿಡಿಯೋಕೆ ಯಾರಾದ್ರೂ ಇದಾರಾ ನಿಮಗೆ?"

"ಇದಾರೆ," ಎಂದಿದ್ದಳು ಗಂಗಾ.

ಯೋಚಿಸಿ ಹೇಳಿದ ಸುಳ್ಳಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಊರಿನಲ್ಲಿ ಬಟ್ಟೆಯ ತುದಿ ಹಿಡಿಯಲು ಒಂದು ಜೀವ ಇಲ್ಲವೆಂದು ಹೊರಗಿನವರ ಮುಂದೆ ಹೇಳಲು ನಾಲಿಗೆ ಹೊರಳಲಿಲ್ಲ, ಅಷ್ಟೆ. ಈಗ ನೋಡಿದರೆ ಈ ತುದಿ ಬಿಗಿದರೆ ಆ ತುದಿ ಸಡಿಲ, ಆ ತುದಿ ಬಿಗಿದು ಬರುವಷ್ಟರಲ್ಲಿ ಈ ತುದಿ ಓರೆ. ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ನೋಡಿದಳು. ಹಗ್ಗ ಕಟ್ಟಿ ಅದಕ್ಕೆ ಗುಂಡುಕಲ್ಲು ಇಳಿಬಿಟ್ಟಳು. ಕಲ್ಲು ಎಳೆಯಿತು, ನಿಜ. ಆದರೆ ಎಷ್ಟು ಎಳೆಯಬೇಕು, ಯಾವಾಗ ಬಿಡಬೇಕು ಎಂಬುದು ಕಲ್ಲಿಗೆ ಏನು ಗೊತ್ತು? ಬಟ್ಟೆಯ ಅಂಚು ಹರಿದುಬಂತು.

ಹೊರಗೆ ಸೊಪ್ಪಿನ ಹೊರೆ ಹೊತ್ತ ಹೆಂಗಸರು ಸಾಲಾಗಿ ಹೋದರು. ಯಾರೋ ಇಣುಕಿ, "ಏನಮ್ಮಾ ಗಂಗಾ, ಆಯ್ತಾ ಊಟ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋದರು. ಕೂಗಿದ್ದರೆ ಬರುತ್ತಿದ್ದರೇನೋ. ಗಂಗಾ ಕೂಗಲಿಲ್ಲ. ಕೂಗುವ ಹಕ್ಕು ತನಗಿದೆ ಎಂದು ಅವಳಿಗೆ ಅನ್ನಿಸಿರಲಿಲ್ಲ.

ಅದಕ್ಕೆ ಕಾರಣವಿತ್ತು. ಹುಳು ಸಾಕುವ ಊರುಗಳಲ್ಲಿ ಒಂದು ಮನೆಯ ಕೈ ಆ ಮನೆಗೆ ಎಂದೂ ಸಾಲದು. ಸೊಪ್ಪು ತಿಂದು ಬಲಿತ ಹುಳುಗಳೆಲ್ಲ ಒಂದೇ ದಿನ ಹಣ್ಣಾಗುತ್ತವೆ. ಮೈ ಬಂಗಾರದ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತವೆ. ಆಗ ಒಂದೊಂದನ್ನೂ ಕೈಯಿಂದ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಸುರಿದು ಹಾಳಾಗುತ್ತವೆ. ಅದಕ್ಕೇ ಮುಯ್ಯಿ. ಇವತ್ತು ನೀನು ನಮ್ಮ ಮನೆಗೆ, ನಿನ್ನ ಹುಳು ಹಣ್ಣಾದ ದಿನ ನಾನು ನಿಮ್ಮ ಮನೆಗೆ. ಕೂಲಿಯಿಲ್ಲ, ಬರೆದಿಡುವುದಿಲ್ಲ. ಯಾರು ಯಾರಿಗೆ ಕೈ ಬಾಕಿ ಎಂಬುದು ಊರಿಗೆಲ್ಲ ಬಾಯಿಪಾಠ.

ಭೀಮರಾಜ್ ಕೋಲಾರದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಗಂಗಾಳ ಮನೆಯ ಹುಳು ಹಣ್ಣಾಗಿತ್ತು. ಅವಳು ಗಂಡನ ಕಾಲ ಬಳಿ ಕೂತಿದ್ದಳು. ಇಲ್ಲಿ ಪಕ್ಕದ ಮನೆಯ ಬೈರಮ್ಮ ಊರ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದು, ಒಂದು ಹುಳವೂ ಕೆಡದ ಹಾಗೆ ಎಲ್ಲವನ್ನೂ ಚಂದ್ರಿಕೆಗೆ ಏರಿಸಿದ್ದಳು. ಗೂಡು ಬಲಿಯುವ ಮೊದಲೇ ಭೀಮರಾಜ್‌ನ ಹೆಣ ಊರಿಗೆ ಬಂತು. ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದವರೂ ಆ ಹೆಂಗಸರೇ.

ಆ ಮುಯ್ಯಿ ಗಂಗಾಳ ಮೇಲೆ ಉಳಿಯಿತು. ಮೈಲಿಗೆ ಕಳೆದ ಮೇಲೆ ಬೈರಮ್ಮನ ಹುಳು ಹಣ್ಣಾದ ದಿನ ತಲೆಗೆ ಸ್ನಾನ ಮಾಡಿ ಹೋದಳು. ಬೈರಮ್ಮ ಹುಳುಮನೆಯ ಬಾಗಿಲಲ್ಲೇ ಎದುರಾದಳು. "ಪೋನೀ ಬಿಡೇ ಗಂಗಾ, ಹೋಗ್ಲಿ. ನಿನ್ನ ಹತ್ರ ಮುಯ್ಯಿ ವಸೂಲಿ ಮಾಡಿ ನಾನೇನು ಉದ್ಧಾರ ಆಗ್ಬೇಕು? ಕಾಫಿ ಕುಡ್ಕೊಂಡು ಹೋಗು." ಬೇರೆ ಮನೆಗಳಲ್ಲೂ ಅದೇ ಮಾತು. ಪೋನೀ ಬಿಡಮ್ಮ. ಇರಲಿ, ನಿಂಗ್ಯಾಕೆ ಕಷ್ಟ. ಎಲ್ಲರೂ ಮೆತ್ತಗೆ ಹೇಳಿದರು. ಎಲ್ಲರೂ ಸಾಲ ಬಿಟ್ಟುಬಿಟ್ಟರು. ಬಿಟ್ಟ ಮೇಲೆ ಯಾರೂ ಕರೆಯಲಿಲ್ಲ. ಕೊಡುವುದಕ್ಕೆ ಬಿಡದಿದ್ದರೆ ಕೇಳುವುದು ಹೇಗೆ? ಮುಯ್ಯಿಯ ಸುತ್ತಿನಿಂದ ಹೊರಗಾದವಳು ನೆರೆಯವಳಲ್ಲ, ಬರೀ ಪಕ್ಕದಲ್ಲಿ ಇರುವವಳು. ಎರಡು ವರ್ಷದಿಂದ ಗಂಗಾ ಹಾಗೆ ಪಕ್ಕದಲ್ಲಿದ್ದಳು.

ಗುಂಡುಕಲ್ಲು ಕೈಕೊಟ್ಟ ಮೇಲೆ ಅವಳಿಗೆ ಗಂಜಿಯ ಉಪಾಯ ಹೊಳೆಯಿತು. ಬೊಂತೆ ಹೊಲಿಯುವ ಮುದುಕಿಯರು ಪದರಗಳು ಜಾರದಿರಲೆಂದು ಹಳೇ ಸೀರೆಗಳಿಗೆ ತೆಳ್ಳಗೆ ಗಂಜಿ ಹಾಕುವುದುಂಟು. ಮೂರು ಪದರಗಳನ್ನೂ ಮೊದಲೇ ಅಂಟಿಸಿ ಒಂದೇ ಬಟ್ಟೆ ಮಾಡಿಬಿಟ್ಟರೆ? ಆಗ ಆ ತುದಿಗೆ ಯಾರೂ ಬೇಡ. ರಾಗಿ ಹಿಟ್ಟಿನ ಗಂಜಿ ಕಾಯಿಸಿದಳು. ತೆಳ್ಳಗಿದ್ದರೆ ಹಿಡಿಯದೇನೋ ಎಂಬ ಭಯದಲ್ಲಿ ಇನ್ನಷ್ಟು ಹಿಟ್ಟು ಕದಡಿದಳು. ಊರ ಹಿಂದಿನ ಬಂಡೆಯ ಮೇಲೆ ಕೆಳಬಟ್ಟೆ ಹಾಸಿ, ಗಂಜಿ ಸವರಿ, ಹತ್ತಿಯ ಪದರ ಹಾಸಿ, ಮತ್ತೆ ಸವರಿ, ತಾನೇ ತುಂಡು ತುಂಡು ಸೀರೆ ಕೂಡಿಸಿದ ಮೇಲ್ಬಟ್ಟೆ ಹೊದಿಸಿ, ಅಂಗೈಯಿಂದ ಒತ್ತಿ ಒತ್ತಿ ಸುಕ್ಕು ಬಿಡಿಸಿದಳು. ಸಂಜೆಗೆ ಅದು ಹಪ್ಪಳದ ಹಾಗೆ ಒಣಗಿ ಎದ್ದುಬಂತು.

ಮಾರನೆಯ ದಿನ ಅವಳೊಬ್ಬಳೇ ಅದನ್ನು ಚೌಕಟ್ಟಿಗೆ ಏರಿಸಿದಳು. ಹಲಗೆಯ ಹಾಗೆ ನಿಂತಿತು, ಎಲ್ಲೂ ಓರೆಯಿಲ್ಲ. ಗಂಗಾ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು. ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಬಾಗಿಲ ಕಡೆ ನೋಡಿ, ಮಿಷನ್ನಿನ ಗುಂಡಿ ಒತ್ತಿದಳು.

ಮೊದಲ ಸಾಲು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ದಾರ ಕಡಿಯಿತು. ಪೋಣಿಸಿ ಮುಂದೆ ತಳ್ಳಿದರೆ ಮತ್ತೆ ಕಡಿಯಿತು. ಬಗ್ಗಿ ಕೆಳಗೆ ನೋಡಿದರೆ ಕೆಳಬಟ್ಟೆಯ ತುಂಬ ದಾರ ಸಿಕ್ಕುಸಿಕ್ಕಾಗಿ ಗುಬ್ಬಿಗೂಡಿನ ಹಾಗೆ ಜೋತುಬಿದ್ದಿತ್ತು. ದಾರದ ಬಿಗಿ ಹೆಚ್ಚಿಸಿದಳು, ತಗ್ಗಿಸಿದಳು. ಬಾಬಿನ್ ಬದಲಿಸಿದಳು. ಕೊನೆಗೆ ಟಕ್ಕೆಂದು ಸೂಜಿಯೇ ಮುರಿಯಿತು. ತನ್ನ ಕೈಯದೇ ತಪ್ಪೆಂದುಕೊಂಡು ಅವಳು ಫೋಟೋ ತೆಗೆದು ಶ್ರೀವಾಣಿಗೆ ಕಳಿಸಿದಳು. ಫೋನು ಬಂತು.

"ಕೆಳಗೆ ದಾರ ಹಿಂಗೆ ಗೂಡು ಕಟ್ಟಬಾರದಲ್ಲ ಗಂಗಕ್ಕ. ಬಟ್ಟೆ ಎರಡೂ ಕಡೆ ಸಮ ಬಿಗಿ ಇದೆಯಾ? ಆ ತುದಿ ಹಿಡಿದಿದ್ರಲ್ಲ, ಅವರಿಗೆ ಫೋನ್ ಕೊಡಿ, ನಾನೇ ಕೇಳ್ತೀನಿ."

ಗಂಗಾ ಖಾಲಿ ಮನೆಯನ್ನು ಒಮ್ಮೆ ನೋಡಿದಳು. "ಸೊಪ್ಪಿಗೆ ಹೋಗವ್ರೆ ಮೇಡಂ."

"ಹೆಸರೇನು ಅವರದು?"

"ಬೈರಮ್ಮ ಅಂತ." ಬಾಯಿಗೆ ಬಂದದ್ದು ಆ ಹೆಸರು.

"ಸರಿ. ಸಂಕ್ರಾಂತಿ ಮುಗಿಸ್ಕೊಂಡು ನಾನೇ ಬರ್ತೀನಿ. ಅಷ್ಟರಲ್ಲಿ ಒಂದಾದ್ರೂ ನೀಟಾಗಿ ಮುಗಿಸಿ." ಮತ್ತೆ ಶ್ರೀವಾಣಿ ಹೇಳಿದಳು, "ಬೇಜಾರು ಮಾಡ್ಕೋಬೇಡಿ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ಶ್ರೀನಿವಾಸಪುರದಲ್ಲಿ ಒಂದು ಮನೆಯವರು ಕೇಳ್ತಾ ಇದಾರೆ. ಅತ್ತೆ, ಇಬ್ರು ಸೊಸೆಯರು, ಮನೆ ತುಂಬಾ ಜನ. ಮಿಷನ್ ಸುಮ್ನೆ ನಿಲ್ಲಿಸೋಕಾಗಲ್ಲ ನೋಡಿ."

"ಆಗುತ್ತೆ ಮೇಡಂ. ಮುಗಿಸ್ತೀನಿ."

ಫೋನಿಟ್ಟು ಗಂಗಾ ಮಿಷನ್ನಿನ ಹೊಟ್ಟೆಯ ಕೆಳಗೆ ಕೂತಳು. ಕೆಳದಾರ ಸುತ್ತುವ ಕೊಕ್ಕೆಯ ಮುಚ್ಚಳ ತೆಗೆದರೆ, ಒಳಗೆಲ್ಲ ಕಂದು ಬಣ್ಣದ ಪುಡಿ, ಎಣ್ಣೆಯೊಂದಿಗೆ ಬೆರೆತು ಮುದ್ದೆಯಾಗಿತ್ತು. ಬೆರಳಲ್ಲಿ ತಿಕ್ಕಿ ಮೂಸಿದಳು. ರಾಗಿ. ಸೂಜಿ ಒಂದೊಂದು ಸಲ ಇಳಿದಾಗಲೂ ಗಂಜಿಯ ಪುಡಿಯನ್ನು ಕೆಳಕ್ಕೆ ತಂದು ಸುರಿದಿತ್ತು. ಚೌಕಟ್ಟಿನ ಕಾಲು ಹಿಡಿದು ಇರುವೆಗಳ ಸಾಲೊಂದು ಆಗಲೇ ಮೇಲೇರುತ್ತಿತ್ತು. ತಪ್ಪು ಕೈಯದಲ್ಲ, ಗಂಜಿಯದು ಎಂದು ತಿಳಿದದ್ದರಿಂದ ಸಮಾಧಾನವೇನೂ ಆಗಲಿಲ್ಲ. ಗಂಜಿ ಬೇಕಾಗಿದ್ದು ಆ ತುದಿಗೆ ಕೈ ಇಲ್ಲದ್ದರಿಂದ.

ಹಳೇ ಬ್ರಷ್ಷಿನಿಂದ ಕೊಕ್ಕೆಯ ಸಂದುಸಂದನ್ನೂ ತಿಕ್ಕಿ, ಎಣ್ಣೆ ಬಿಟ್ಟಳು. ಹೊಲಿದದ್ದನ್ನೆಲ್ಲ ಬಿಚ್ಚಿ, ಬಟ್ಟೆಗಳನ್ನು ನೀರಲ್ಲಿ ನೆನೆಹಾಕಿ ಒಗೆದಳು. ಹತ್ತಿ ಗಂಟುಗಂಟಾಗಿ ಕೆಟ್ಟಿತು. ಶ್ರೀವಾಣಿ ಬಿಟ್ಟುಹೋಗಿದ್ದ ಇನ್ನೊಂದು ಸುರುಳಿಯಿತ್ತು. ಎಲ್ಲ ಒಣಗಿ, ಮಡಿಸಿಟ್ಟಾದ ಮೇಲೆ ಮಾಡಲು ಬೇರೆ ಉಪಾಯ ಉಳಿಯಲಿಲ್ಲ. ಕೇಳಬೇಕು. ಕೇಳುವ ಮೊದಲು ತೀರಿಸಬೇಕು.

ಬೈರಮ್ಮನ ಹುಳು ಹಣ್ಣಾದ ದಿನ ಬೆಳಿಗ್ಗೆಯಿಂದಲೇ ಆ ಮನೆಯ ಗದ್ದಲ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಬೈರಮ್ಮನ ಗಂಡ ವೆಂಕಟರಾಯಪ್ಪ ಚಂದ್ರಿಕೆಗಳನ್ನು ಹೊರಗೆ ತಂದಿಟ್ಟು, "ಲೇ, ಇನ್ನಿಬ್ರು ಬರ್ತೀವಿ ಅಂದೋರು ಮಾಲೂರಿಗೆ ತಿಥಿಗೆ ಹೋಗವ್ರಂತಲ್ಲೇ. ಹುಳ ಕಾಯುತ್ತಾ ಅವ್ರ ತಿಥಿ ಊಟ ಮುಗಿಯೋಗಂಟ?" ಎಂದು ಕೂಗಾಡುತ್ತಿದ್ದ. ಕೈ ಸಾಲದೆಂಬುದು ಊರಿಗೆಲ್ಲ ಕೇಳಿಸಿತು. ಗಂಗಾ ಸ್ನಾನ ಮಾಡಿ, ಒಗೆದ ಸೀರೆಯುಟ್ಟು ಹೋದಳು.

ಹುಳುಮನೆಯ ಹೊಸ್ತಿಲಲ್ಲಿ ಸುಣ್ಣದ ಪುಡಿಯ ಪಟ್ಟೆ ಎಳೆದಿದ್ದರು. ಹೊರಗಿನ ಸೋಂಕು ಒಳಗೆ ಬರದಿರಲೆಂದು ಎಳೆಯುವ ಗೆರೆ. ಕರೆಯದೆ ಅದನ್ನು ದಾಟುವಂತಿಲ್ಲ. ಗಂಗಾ ಗೆರೆಯ ಈಚೆಗೆ ನಿಂತಳು. ಒಳಗೆ ಹೆಂಗಸರು ಬಗ್ಗಿ ಹುಳು ಆರಿಸುತ್ತಿದ್ದರು. ಬೈರಮ್ಮ ತಟ್ಟೆಯೊಂದನ್ನು ಹಿಡಿದು ತಲೆಯೆತ್ತಿದಳು.

"ಏನೇ ಗಂಗಾ?"

"ಮುಯ್ಯಿ ತೀರ್ಸೋಕೆ ಬಂದೆ ಅಕ್ಕ. ಕೈ ಕಮ್ಮಿ ಐತಲ್ಲ."

"ಅಯ್ಯೋ, ಪೋನೀ ಬಿಡೇ. ನಿಂಗೂ ಆ ಸೊಂಡಿಲ ಮಿಷನ್ನಿನ ಕೆಲಸ ಇಲ್ವಾ? ಹೆಂಗೋ ಆಗುತ್ತೆ. ಹೋಗು, ಬಿಸಿಲಾಗೆ ಯಾಕೆ ನಿಂತಿದ್ದೀಯ."

ಜಗಲಿಯ ಮೂಲೆಯಲ್ಲಿ ಬೈರಮ್ಮನ ಅತ್ತೆ ಮುತ್ಯಾಲಮ್ಮ ಕಂಬಳಿ ಹೊದ್ದು ಕೂತಿತ್ತು. ಕಿವಿ ಮಂದ, ಅದಕ್ಕೇ ಮಾತು ಜೋರು. "ಎವರೇ ಅದಿ, ಬಾಗಿಲಾಗೆ ನಿಂತಿರೋದು? ಗಂಗಾನಾ? ಒಳಕ್ಕೆ ಬಿಡ್ಬೇಡ್ವೇ ಬೈರೀ. ಗಂಡ ಹೋದೋಳ ಕೈ ಹಣ್ಣು ಹುಳಕ್ಕೆ ತಾಕಬಾರ್ದು. ಎಷ್ಟು ಸಲ ಹೇಳ್ಲಿ?"

ಒಳಗಿನ ಕೈಗಳೆಲ್ಲ ಒಂದು ಕ್ಷಣ ನಿಂತವು. ಆಮೇಲೆ ಮೊದಲಿಗಿಂತ ಚುರುಕಾಗಿ ಆರಿಸತೊಡಗಿದವು. ಬೈರಮ್ಮನ ಮುಖ ಕೆಂಪಾಯಿತು. "ಅತ್ತೇ, ನೀನು ಸುಮ್ನೆ ಕೂತ್ಕೋ," ಎಂದಳು. ಅದು ಸುಳ್ಳೆಂದು ಮಾತ್ರ ಅವಳು ಹೇಳಲಿಲ್ಲ.

ಗಂಗಾ ಮನೆಗೆ ಬಂದಳು. ಕಟ್ಟುಪಾಡು ಗೊತ್ತಿರಲಿಲ್ಲವೆಂದಲ್ಲ. ಮುತ್ಯಾಲಮ್ಮ ಕೂಡ ಗಂಡ ತೀರಿದಂದಿನಿಂದ ಆ ಹೊಸ್ತಿಲು ದಾಟಿರಲಿಲ್ಲ. ಗಂಗಾಳೂ ತನ್ನ ಕಾಲದಲ್ಲಿ ಮೇಲಿನ ಬೀದಿಯ ಮುನಿಯಲ್ಲಮ್ಮನನ್ನು ಹೀಗೇ ಬಾಗಿಲಲ್ಲಿ ನಿಲ್ಲಿಸಿ, "ಪೋನೀ ಬಿಡಮ್ಮ, ನಿಂಗೆ ವಯಸ್ಸಾಯ್ತು" ಎಂದು ಕಾಫಿ ಕೊಟ್ಟು ಕಳಿಸಿದವಳೇ. ಆಗ ಅದು ಮುಯ್ಯಿಯ ಲೆಕ್ಕದಲ್ಲಿ ಎಲ್ಲೂ ಬಂದಿರಲಿಲ್ಲ. ಬೈರಮ್ಮನ ಬಾಯಿಂದ ಅದೇ ಮಾತು ಬಂದಾಗ ಮಾತ್ರ, ಅದು ಪ್ರೀತಿಯೆಂದು ಎರಡು ವರ್ಷ ನಂಬಿಕೊಂಡಿದ್ದಳು. ಪ್ರೀತಿ ಅಲ್ಲವೆಂದೂ ಈಗ ಹೇಳಲಾಗದು. ಪ್ರೀತಿಯೂ ಕಟ್ಟುಪಾಡೂ ಒಂದೇ ಲೋಟದ ಕಾಫಿಯಲ್ಲಿ ಕರಗಿದ್ದವು.

ಅಂದು ಅವಳು ಒಲೆ ಹಚ್ಚಲಿಲ್ಲ. ಆಮೇಲಿನ ದಿನಗಳಲ್ಲಿ, ಒಬ್ಬಳೇ ಏರಿಸಬಹುದಾದಷ್ಟು ಸಣ್ಣ ಚಿಂದಿ ಬಟ್ಟೆ ಏರಿಸಿ, ಸುಳಿ ಹಾಕಿದಳು, ಬಳ್ಳಿ ಹಾಕಿದಳು. ಕೈ ಚೆನ್ನಾಗಿ ಕೂರುತ್ತ ಬಂತು. ಮಿಷನ್ನು ಓಡುವಾಗ ಮನೆಯೊಳಗೆ ಸದ್ದಿರುತ್ತಿತ್ತು. ನಿಲ್ಲಿಸಿದಾಗ ಆ ಮನೆ ಎಷ್ಟು ಉದ್ದವಿದೆ ಎಂಬುದು ತಿಳಿಯುತ್ತಿತ್ತು. ಶ್ರೀವಾಣಿಗೆ ಫೋನು ಮಾಡಿ ಆಗಲ್ಲವೆಂದು ಹೇಳಿಬಿಡೋಣವೆಂದು ಎಷ್ಟೋ ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟಳು.

ಹಬ್ಬ ಹತ್ತಿರವಾಗಿ, ಅಂಗಡಿಯಲ್ಲಿ ಎಳ್ಳುಬೆಲ್ಲದ ಪೊಟ್ಟಣಗಳು ತೂಗುಬಿದ್ದ ದಿನ, ಬೈರಮ್ಮ ಬಂದಳು. ಹುಳುವಿಲ್ಲದ ಹುಳುಮನೆಯ ಹೊಸ್ತಿಲಾಚೆಗೇ, ಅಭ್ಯಾಸಬಲದಿಂದ, ಚಪ್ಪಲಿ ಬಿಟ್ಟು ನಿಂತಳು.

"ಒಳಗೆ ಬಾಕ್ಕ. ಹುಳ ಇಲ್ಲ ಇಲ್ಲಿ."

"ಇಲ್ಲ ಕಣೇ, ಅಡುಗೆ ಐತೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಊರಿಗೆಲ್ಲ ಗದರುವ ಹೆಂಗಸು ಮಾತಿಗೆ ತಡಕಾಡುವುದನ್ನು ಗಂಗಾ ನೋಡಿದ್ದು ಅದೇ ಮೊದಲು. "ನಾಳೆ ಗೂಡು ಬಿಡಿಸ್ತೀವಿ. ಗೂಡಿಗೆ ಬಾ. ಮುಯ್ಯಿ ಅಂತಾನೇ ಬಾ."

ಗೂಡು ಕಟ್ಟಿಯಾದ ಮೇಲೆ ಹುಳು ಒಳಗೆ ಮುಚ್ಚಿಕೊಂಡಿರುತ್ತದೆ. ಆಗ ಯಾರ ಕೈಯೂ ಅದಕ್ಕೆ ತಾಕದು. ಗಂಗಾಳಿಗೆ ಅರ್ಥವಾಯಿತು. "ಬರ್ತೀನಿ," ಎಂದಳು.

ಬೈರಮ್ಮನ ಜಗಲಿಯ ತುಂಬ ಚಂದ್ರಿಕೆಗಳು, ಅವುಗಳ ತುಂಬ ಹಳದಿ ಗೂಡುಗಳು. ಹೆಂಗಸರು ಕಾಲು ಚಾಚಿ ಕೂತು ಒಂದೊಂದೇ ಬಿಡಿಸಿ ಮಂಕರಿಗೆ ಹಾಕುತ್ತಿದ್ದರು. ಗಂಗಾ ಎಲ್ಲಿ ಕೂರುವುದೆಂದು ನೋಡುತ್ತಿರುವಾಗ, ಗೋಡೆಯ ಬದಿಯಿಂದ ಮುನಿಯಲ್ಲಮ್ಮ ತನ್ನ ಪಕ್ಕದ ಗೋಣಿಚೀಲ ಜಾಡಿಸಿ ಜಾಗ ಮಾಡಿತು.

"ಬಂದ್ಯಾ? ಬಾ, ಇಲ್ಲಿ ಕೂತ್ಕೋ. ನಮ್ ಸಾಲು ಇದು. ಒಳಗಡೆ ಅವ್ರದು, ಹೊರಗಡೆ ನಮ್ದು. ಗಾಳಿ ಚೆನ್ನಾಗಿ ಬರುತ್ತೆ."

ಮುದುಕಿ ನಗುತ್ತಲೇ ಹೇಳಿತು. ಗಂಗಾ ಅದರ ಮುಖ ನೋಡಲಾರದೆ ಕೂತು ಗೂಡಿಗೆ ಕೈಹಾಕಿದಳು. ಬೆರಳುಗಳು ಕೆಲಸ ಮರೆತಿರಲಿಲ್ಲ.

"ಅದೇನಮ್ಮಾ ನಿನ್ನ ಮಿಷನ್ನು," ಒಳಸಾಲಿನ ಒಬ್ಬಳು ಕೇಳಿದಳು, "ಆನೆ ಸೊಂಡಿಲಂಗೆ ಐತಂತೆ. ಅದಕ್ಕೇನು ಹಾಕ್ತೀಯಾ, ಕಬ್ಬಾ?"

"ಕಬ್ಬಲ್ಲ, ರಾಗಿ ಗಂಜಿ ಹಾಕಿದ್ದೆ," ಎಂದಳು ಗಂಗಾ. "ಅಜೀರ್ಣ ಆಯ್ತು."

ಗಂಜಿಯ ಕಥೆ ಹೇಳಿದಾಗ ಜಗಲಿಯೆಲ್ಲ ನಕ್ಕಿತು. ಇರುವೆಯ ಸಾಲಿನ ಮಾತು ಬಂದಾಗ ಮುನಿಯಲ್ಲಮ್ಮ ಕಣ್ಣೊರೆಸಿಕೊಂಡಿತು. ನಗು ಇಳಿಯುವುದನ್ನು ಕಾದು, ಕೈಯಲ್ಲಿದ್ದ ಗೂಡಿನ ಮೇಲೇ ಕಣ್ಣಿಟ್ಟು, ಗಂಗಾ ಹೇಳಿದಳು. "ಹಬ್ಬ ಆದ್ಮೇಲೆ ಮಿಷನ್ ತಗೊಂಡು ಹೋಗ್ತಾರೆ. ಬಟ್ಟೆ ಏರಿಸೋಕೆ ಇಬ್ರು ಬೇಕು. ಆ ತುದಿ ಹಿಡಿಯೋಕೆ ಒಬ್ರು ಇದ್ರೆ ಸಾಕಾಗಿತ್ತು."

ಗೂಡುಗಳು ಮಂಕರಿಗೆ ಬೀಳುವ ಸದ್ದು ಕೇಳುತ್ತಿತ್ತು.

"ಇದನ್ನು ಹೇಳೋಕೆ ಇಷ್ಟು ದಿನ ಬೇಕಾಯ್ತೇನೇ ನಿಂಗೆ?" ಬೈರಮ್ಮ ಗದರಿದಳು. ಅವಳ ದನಿ ಮತ್ತೆ ಅವಳ ದನಿಯಾಗಿತ್ತು. "ಗೂಡು ಮಾರ್ಕೆಟ್ಟಿಗೆ ಹೋಗ್ಲಿ. ನಾಳೆ ಬರ್ತೀನಿ."

ಬಂದಳು. ಈ ಸಲ ಹೊಸ್ತಿಲಲ್ಲಿ ನಿಲ್ಲದೆ ಒಳಗೆ ಬಂದು, ಮಿಷನ್ನಿನ ಸುತ್ತ ಒಂದು ಸುತ್ತು ಹಾಕಿ, ತೋಳು ಮುಟ್ಟಿ ನೋಡಿ, "ದಪ್ಪ ಐತೆ," ಎಂದಳು. ಗಂಗಾ ಈ ತುದಿಗೆ, ಬೈರಮ್ಮ ಆ ತುದಿಗೆ ನಿಂತರು. ಮೊದಲು ಕೆಳಬಟ್ಟೆ.

"ಎಳೀಲಾ?"

"ಎಳಿ. ಅಷ್ಟಲ್ಲ, ಸ್ವಲ್ಪ ಬಿಡು. ಹಾಂ, ಹಂಗೇ ಹಿಡ್ಕೋ."

ಒಬ್ಬಳು ಬಿಗಿದಾಗ ಇನ್ನೊಬ್ಬಳ ಬೆರಳಿಗೆ ಅದು ತಿಳಿಯುತ್ತಿತ್ತು. ಮಾತು ಕಡಿಮೆಯಾಗುತ್ತ ಬಂತು. ಕಂಬಿ ಉರುಳಿತು, ಬಟ್ಟೆ ಸುತ್ತಿಕೊಂಡಿತು, ಹತ್ತಿಯ ಪದರ ಹಾಸಿಕೊಂಡಿತು, ಸೀರೆ ತುಂಡುಗಳ ಮೇಲ್ಬಟ್ಟೆ ಅದರ ಮೇಲೆ ಒಂದು ಸುಕ್ಕಿಲ್ಲದೆ ಕೂತಿತು. ದಿನಗಟ್ಟಲೆ ಆಗದ್ದು ಒಲೆಯ ಮೇಲೆ ಅನ್ನ ಬೇಯುವ ಹೊತ್ತಿನೊಳಗೆ ಆಯಿತು. ಗಂಗಾ ಒಂದು ಸಾಲು ಹೊಲಿದು ತೋರಿಸಿದಳು. ಬೈರಮ್ಮ ಬಗ್ಗಿ ಕೆಳಗಡೆಯೂ ನೋಡಿ ತಲೆಯಾಡಿಸಿದಳು.

"ಇನ್ಮೇಲೆ ಬಟ್ಟೆ ಏರಿಸೋವಾಗ ಒಂದು ಕೂಗು ಹಾಕು. ಬರ್ತೀನಿ."

"ಮುಯ್ಯಿಗೆ ಬರ್ತೀಯಾ, ಸುಮ್ನೆ ಬರ್ತೀಯಾ?"

"ಹಂಗಂದ್ರೆ ಏನೇ?"

"ಮುಯ್ಯಿಗೆ ಅಂದ್ರೆ ಮುಂದಿನ ಬೆಳೆ ಹಣ್ಣಾದಾಗ ನಾನು ಒಳಗೆ ಬರ್ಬೇಕು ಅಕ್ಕ."

ಬೈರಮ್ಮ ಚೌಕಟ್ಟಿನ ಕಂಬಿಯನ್ನು ಹಿಡಿದುಕೊಂಡಳು. ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ.

"ಆಗಲ್ಲ ಕಣೇ. ಅತ್ತೆ ಒಂದೇ ಅಲ್ಲ. ನಂಗೂ ಭಯ. ಒಂದು ಬೆಳೆ ಕೆಟ್ಟರೆ ನಾನು ನಿನ್ನ ಮುಖ ನೋಡೋ ರೀತಿ ಬೇರೆ ಆಗ್ಬಿಡುತ್ತೆ. ಅದು ಬೇಡ." ಆಮೇಲೆ ಮೆಲ್ಲಗೆ ಅಂದಳು, "ಗೂಡಿಗೆ ಬಾ. ಪ್ರತಿ ಸಲಾನೂ ಕರೀತೀನಿ."

"ಬರ್ತೀನಿ," ಎಂದಳು ಗಂಗಾ.

ಬೈರಮ್ಮ ಚಪ್ಪಲಿ ಮೆಟ್ಟಿಕೊಂಡು ಹೋದಳು. ಗಂಗಾ ಮಧ್ಯಾಹ್ನವೆಲ್ಲ ಹೊಲಿದಳು. ಕತ್ತಲಾಗುವ ಮೊದಲು ಮೇಲಿನದೊಂದು ಕೆಳಗಿನದೊಂದು ಫೋಟೋ ತೆಗೆದು ಕಳಿಸಿದಳು. ಶ್ರೀವಾಣಿಯ ಫೋನು ಬಂತು. ಎಡಗಡೆ ಒಂದೆರಡು ಕಡೆ ಸುಳಿ ದೊಡ್ಡದಾಗಿದೆ, ಉಳಿದದ್ದು ಚೆನ್ನಾಗಿದೆ, ಶ್ರೀನಿವಾಸಪುರದವರಿಗೆ ಬೇರೆ ಏನಾದರೂ ನೋಡೋಣ, ಮಿಷನ್ನು ಅಲ್ಲೇ ಇರಲಿ ಎಂದಳು. ಬೈರಮ್ಮನವರಿಗೂ ಒಂದು ಥ್ಯಾಂಕ್ಸ್ ಹೇಳಿಬಿಡಿ ಎಂದಳು.

"ಹೇಳ್ತೀನಿ ಮೇಡಂ."

ಫೋನಿಟ್ಟ ಮೇಲೆ ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಂದು ಅವರು ಗೂಡು ಬಿಡಿಸಿದ್ದಕ್ಕೆ ಈಗ ತಾನು ಗೂಡು ಬಿಡಿಸಿದ್ದು ಸರಿಹೋಯಿತು. ಬಟ್ಟೆಯ ತುದಿ ಹಿಡಿದದ್ದನ್ನು ಮುಂದಿನ ಗೂಡಿಗೆ ಹೋಗಿ ತೀರಿಸಬಹುದು. ಭೀಮರಾಜ್ ಆಸ್ಪತ್ರೆಯಲ್ಲಿದ್ದಾಗ ಆ ಹೆಂಗಸರು ಈ ಮನೆಯಲ್ಲಿ ಹಣ್ಣು ಹುಳು ಆರಿಸಿದ ದಿನವೊಂದು ಉಳಿಯಿತು. ಅದನ್ನು ಹಣ್ಣು ಹುಳದಿಂದಲೇ ತೀರಿಸಬೇಕು, ಬೇರೆ ಯಾವ ಕೆಲಸಕ್ಕೂ ಅದು ವಜಾ ಆಗದು. ಅದು ಇನ್ನು ತನ್ನ ಮೇಲೇ ಇರುತ್ತದೆ. ಈ ಸಲ ಬೈರಮ್ಮ ಪೋನೀ ಬಿಡು ಎನ್ನಲಿಲ್ಲವೆಂಬುದು ಅವಳಿಗೆ ಆಗ ಗಮನಕ್ಕೆ ಬಂತು.

ಬೀದಿಯಲ್ಲಿ ದನಗಳು ಮನೆಗೆ ತಿರುಗಿದ್ದವು. ಗಂಗಾ ದೀಪ ಹಾಕಿ, ಕಂಬಿಯನ್ನು ಒಂದು ಸುತ್ತು ಉರುಳಿಸಿ, ಮುಂದಿನ ಸಾಲಿಗೆ ಸೂಜಿ ಇಳಿಸಿದಳು.